ಬಯಲುಸೀಮೆಯಲ್ಲಿ ಸಮುದ್ರದ ಮೀನು: ಮೊದಲು ನೀರು ಹದವಾಗಲಿ, ಆಮೇಲೆ ಮೀನು

ನಮ್ಮದು ಚಳ್ಳಕೆರೆ ತಾಲ್ಲೂಕಿನ ಒಣಭೂಮಿ. ಏಳು ಎಕರೆ ಮಸಾರಿ ಹೊಲ. ಶೇಂಗಾ, ತೊಗರಿ, ಮಳೆ ಕೈಕೊಟ್ಟ ವರ್ಷ ಹುರುಳಿ. ಜೊತೆಗೆ ಇಪ್ಪತ್ತು ಕುರಿ. ನಾನು ಸಮುದ್ರ ನೋಡಿದ್ದು ಎರಡೇ ಸಲ, ಧರ್ಮಸ್ಥಳಕ್ಕೆ ಹೋದವರು ಹಾಗೇ ಮಲ್ಪೆ ಕಡೆ ಇಳಿದಾಗ. ಇಂಥವನು ಉಪ್ಪುನೀರಿನ ಅಕ್ವೇರಿಯಂ ಬಗ್ಗೆ ಬರೀತಾನೆ ಅಂದ್ರೆ ನಿಮಗೆ ನಗು ಬರಬಹುದು. ನಮ್ಮೂರಲ್ಲೂ ನಕ್ಕರು. ಆದ್ರೆ ಒಂದು ಸಲ ಪೂರ್ತಿ ಕೆಟ್ಟು, ಎರಡನೇ ಸಲ ಉಳಿಸಿಕೊಂಡವನು ನಾನು. ಕೆಟ್ಟಿದ್ದು ಯಾಕೆ, ಉಳಿದಿದ್ದು ಹೇಗೆ ಅಂತ ಲೆಕ್ಕ ಸಮೇತ ಹೇಳಿದ್ರೆ ಇನ್ನೊಬ್ಬರ ದುಡ್ಡು, ನಾಲ್ಕು ಮೀನಿನ ಜೀವ ಉಳಿದೀತು ಅಂತ ಬರೀತಿದ್ದೇನೆ.

ಶುರುವಾಗಿದ್ದು ಹೀಗೆ

ನನ್ನ ತಮ್ಮನ ಮಗ ಬೆಂಗಳೂರಿನಲ್ಲಿ ಬಣ್ಣದ ಮೀನಿನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. 2020ರ ಲಾಕ್‌ಡೌನ್‌ನಲ್ಲಿ ಕೆಲಸ ಹೋಯ್ತು, ಊರಿಗೆ ಬಂದ. ಎರಡು ವರ್ಷ ನಮ್ಮ ಜೊತೆ ಹೊಲ ಮಾಡಿದ. ಆಮೇಲೆ ಒಂದಿನ, "ದೊಡ್ಡಪ್ಪ, ಚಳ್ಳಕೆರೆ, ಚಿತ್ರದುರ್ಗ, ಹಿರಿಯೂರು ಕಡೆ ಡಾಕ್ಟ್ರ ಶಾಪು, ಹೋಟೆಲುಗಳಲ್ಲಿ ಮೀನಿನ ಟ್ಯಾಂಕು ನೋಡ್ಕೊಳ್ಳೋ ಕೆಲಸ ಹಿಡೀತೀನಿ. ಸಿಹಿನೀರಿಂದು ಗೊತ್ತು. ಸಮುದ್ರದ ಮೀನಿಂದು ಕೈಯಾರೆ ಮಾಡಿಲ್ಲ. ಒಂದು ಟ್ಯಾಂಕು ಮನೇಲೇ ಮಾಡಿ ಕಲೀಬೇಕು" ಅಂದ. ತಮ್ಮನಿಗೆ ಇಷ್ಟ ಇರಲಿಲ್ಲ. ಹುಡುಗ ಮತ್ತೆ ಊರು ಬಿಟ್ಟು ಹೋಗೋದಕ್ಕಿಂತ ಇದು ವಾಸಿ ಅಂತ ನಾನು ಎರಡು ಟಗರು ಮಾರಿ ದುಡ್ಡು ಕೊಟ್ಟೆ.

ಟ್ಯಾಂಕು ಬಂತು, ಉಪ್ಪು ಬಂತು, ನೀರು ತುಂಬಿದ್ವಿ. ಅದು 2022ರ ಸೆಪ್ಟೆಂಬರ್. ದಸರಾ ರಜೆಗೆ ಮಗಳ ಮಕ್ಕಳು ಬರೋದಿತ್ತು. ಹುಡುಗ ಹೇಳಿದ, "ಆತುರ ಬ್ಯಾಡ ದೊಡ್ಡಪ್ಪ, ಒಂದೂವರೆ ತಿಂಗಳು ಖಾಲಿ ಓಡಿಸ್ಬೇಕು." ನಾನು ಕೇಳಲಿಲ್ಲ. "ನೀರು ತಿಳಿಯಾಗೈತೆ, ಇನ್ನೇನು ಕಾಯೋದು? ಮಕ್ಕಳು ಬರೋ ಹೊತ್ತಿಗೆ ಮೀನು ಇರ್ಲಿ" ಅಂತ ಗದರಿದೆ. ನೀರು ತುಂಬಿದ ಐದನೇ ದಿನ ಬೆಂಗಳೂರಿಂದ ಮೂರು ಮೀನು ತರಿಸಿದ್ವಿ.

ನಾಲ್ಕನೇ ದಿನ ಮೀನು ತಿನ್ನೋದು ಬಿಟ್ಟವು. ನೀರಿನ ಮೇಲ್ಗಡೆ ಬಂದು ಬಾಯಿ ಬಾಯಿ ಬಿಡ್ತಿದ್ವು. ಆರನೇ ದಿನ ಒಂದು, ಎಂಟನೇ ದಿನ ಉಳಿದೆರಡೂ ಸತ್ತವು. ಮೊಮ್ಮಗಳು ಎದುರಿಗೇ ಕೂತು ನೋಡ್ತಿದ್ದಳು. "ತಾತ, ನೀರು ಚೆನ್ನಾಗೈತಲ್ಲ, ಯಾಕೆ ಸತ್ವು?" ಅಂತ ಕೇಳಿದಳು. ನನಗೂ ಗೊತ್ತಿರಲಿಲ್ಲ. ಸಿಟ್ಟಿನಲ್ಲಿ ಎಲ್ಲಾ ಸ್ವಿಚ್ಚು ಆರಿಸಿಬಿಟ್ಟೆ.

ತಿಳಿನೀರಲ್ಲಿ ಕಾಣದ ವಿಷ

ಮೀನು ಸತ್ತದ್ದು ಅಮೋನಿಯಾದಿಂದ. ಮೀನಿನ ಉಸಿರು, ಹೇಲು, ತಿನ್ನದೆ ಉಳಿದ ಆಹಾರ ಎಲ್ಲದರಿಂದಲೂ ನೀರಿಗೆ ಅಮೋನಿಯಾ ಸೇರುತ್ತೆ. ಸಮುದ್ರದಲ್ಲಿ ನೀರು ಅಷ್ಟಿರೋದರಿಂದ ಗೊತ್ತಾಗೋದಿಲ್ಲ. ನಮ್ಮ ಟ್ಯಾಂಕಿನ 160 ಲೀಟರ್‌ನಲ್ಲಿ ಮೀನು ತನ್ನ ಹೊಲಸಿನಲ್ಲೇ ಉಸಿರಾಡಬೇಕು. ಅಮೋನಿಯಾಕ್ಕೆ ಬಣ್ಣ ಇಲ್ಲ, ನೀರು ಕನ್ನಡಿ ಹಾಗೇ ಕಾಣುತ್ತೆ. ಸಮುದ್ರದ ನೀರಿನ ಪಿಎಚ್ 8.1ರಿಂದ 8.4. ಪಿಎಚ್ ಹೆಚ್ಚಿದ್ದಷ್ಟೂ ಅಮೋನಿಯಾ ಹೆಚ್ಚು ವಿಷ. ಅದಕ್ಕೇ ಸಿಹಿನೀರಿನ ಮೀನು ತಡೆಯೋವಷ್ಟನ್ನ ಸಮುದ್ರದ ಮೀನು ತಡೆಯೋದಿಲ್ಲ.

ಇದನ್ನ ಸರಿಮಾಡೋರು ಯಾರು? ಬ್ಯಾಕ್ಟೀರಿಯಾಗಳು. ಒಂದು ಜಾತಿಯವು ಅಮೋನಿಯಾವನ್ನ ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಇನ್ನೊಂದು ಜಾತಿಯವು ನೈಟ್ರೈಟನ್ನ ನೈಟ್ರೇಟ್ ಮಾಡುತ್ತವೆ. ನೈಟ್ರೇಟನ್ನ ಮೀನು ಸುಮಾರು ಮಟ್ಟಿಗೆ ತಡ್ಕೊಳ್ಳುತ್ತೆ. ಹುಡುಗ ಇದನ್ನ ವಿವರಿಸಿದಾಗ ನನಗೆ ಹೊಳೀತು, ಇದು ನಮ್ಮ ಹೊಲದಲ್ಲಿ ನಡೆಯೋದೇ. ಹಸಿ ಗೊಬ್ಬರ ಹಾಕಿದ ಮಾರನೇ ದಿನ ಬಿತ್ತಿದ್ರೆ ಸಸಿ ಸುಟ್ಟು ಹೋಗುತ್ತೆ. ಅದೇ ಗೊಬ್ಬರ ತಿಪ್ಪೆಯಲ್ಲಿ ಕಳಿತ ಮೇಲೆ ಹಾಕಿದ್ರೆ ಬೆಳೆ ಏಳುತ್ತೆ. ಮಣ್ಣಿನಲ್ಲಿ ಯೂರಿಯಾ ಅಮೋನಿಯಾ ಆಗಿ, ಆಮೇಲೆ ನೈಟ್ರೇಟ್ ಆಗಿ ಬೇರಿಗೆ ಸಿಗೋದೂ ಇಂಥ ಬ್ಯಾಕ್ಟೀರಿಯಾಗಳಿಂದಲೇ. ಮೂವತ್ತೈದು ವರ್ಷ ಬೇಸಾಯ ಮಾಡಿದವನು ಹಸಿ ತಿಪ್ಪೆ ಮೇಲೆ ಬಿತ್ತೋ ಕೆಲಸ ಮಾಡಿದ್ದೆ.

ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾ ಇರೋದಿಲ್ಲ. ಕಲ್ಲು, ಮರಳು, ಫಿಲ್ಟರಿನ ಸ್ಪಂಜಿನ ಮೇಲೆ ಅವು ಹಬ್ಬೋಕೆ ನಾಲ್ಕರಿಂದ ಆರು ವಾರ ಬೇಕು. ಇದಕ್ಕೆ ಅಡ್ಡದಾರಿ ಇಲ್ಲ. ನೀವು ಈ ಲೇಖನದಲ್ಲಿ ಒಂದೇ ಮಾತು ನೆನಪಿಡೋದಾದ್ರೆ ಇದನ್ನ ನೆನಪಿಡಿ.

ಎರಡನೇ ಸಲ: ಜಾಗ ಮತ್ತು ಟ್ಯಾಂಕು

ನವೆಂಬರಿನಲ್ಲಿ ಮನಸ್ಸು ತಡೀಲಿಲ್ಲ. ಮತ್ತೆ ಶುರು ಮಾಡಿದ್ವಿ. ಈ ಸಲ ಹುಡುಗ ಹೇಳಿದ ಹಾಗೆ.

ಟ್ಯಾಂಕು ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ, 10 ಮಿ.ಮೀ. ಗಾಜು. ಅಳತೆಗೆ 190 ಲೀಟರ್. ಮೇಲೆ ಎರಡು ಇಂಚು ಬಿಟ್ಟು, ಮರಳು ಕಲ್ಲು ಹೋಗಿ ನೀರು ಹಿಡಿಯೋದು 160 ಲೀಟರ್. ಮೊದಲ ಸಲ ಮಾಡೋರು ಚಿಕ್ಕದರಲ್ಲಿ ಕಲಿಯೋಣ ಅಂದ್ಕೊಳ್ತಾರೆ. ಅದು ತಪ್ಪು. ಚಿಕ್ಕ ಟ್ಯಾಂಕಿನಲ್ಲಿ ಬಿಸಿ, ಉಪ್ಪು, ಹೊಲಸು ಎಲ್ಲಾ ಬೇಗ ಏರುಪೇರಾಗುತ್ತೆ. ದೊಡ್ಡ ಟ್ಯಾಂಕು ನಮ್ಮ ತಪ್ಪನ್ನ ಎರಡು ದಿನ ತಡ್ಕೊಳ್ಳುತ್ತೆ. 150 ಲೀಟರಿಗಿಂತ ಕಮ್ಮಿ ಬೇಡ.

ತೂಕ ಲೆಕ್ಕ ಹಾಕಿ. ನೀರು, ಗಾಜು, ಮರಳು, ಕಲ್ಲು ಸೇರಿ ಎರಡೂಕಾಲು ಕ್ವಿಂಟಾಲ್ ಮೀರುತ್ತೆ. ಮರದ ಟೇಬಲ್ ಮೇಲೆ ಇಡೋ ಮಾತಲ್ಲ. ನಾವು ಕಬ್ಬಿಣದ ಆಂಗಲ್‌ನಲ್ಲಿ ಸ್ಟ್ಯಾಂಡು ಮಾಡಿಸಿ, ಎರಡು ಕೋಟು ಬಣ್ಣ ಹೊಡೆದು, ಮೇಲೆ ಕಡಪ ಕಲ್ಲು, ಅದರ ಮೇಲೆ ಥರ್ಮಾಕೋಲ್ ಶೀಟು ಹಾಕಿದ್ವಿ. ಗಾರೆ ಕೆಲಸದವರ ಮಟ್ಟಗೋಲು ಇಟ್ಟು ನೋಡಿದ್ವಿ. ಒಂದು ಕಡೆ ವಾಲಿದ್ರೆ ಗಾಜಿನ ಜೋಡಣೆ ಬಿಡುತ್ತೆ.

ಕಿಟಕಿ ಬಿಸಿಲು ಬೀಳೋ ಕಡೆ ಇಡಬೇಡಿ. ನೀರು ಕಾಯುತ್ತೆ, ಪಾಚಿ ಕಟ್ಟುತ್ತೆ. ಅಡುಗೆಮನೆ ಹೊಗೆ, ಹೊಲಕ್ಕೆ ಹೊಡೆಯೋ ಔಷಧಿ ಡಬ್ಬ, ಸೊಳ್ಳೆ ಬತ್ತಿ ಹತ್ತಿರ ಸುಳಿಯಬಾರದು. ಔಷಧಿ ಹೊಡೆದು ಬಂದ ಕೈ ಟ್ಯಾಂಕಿಗೆ ಹಾಕಲೇಬೇಡಿ.

ಉಪ್ಪು ಅಂದ್ರೆ ಅಡುಗೆ ಉಪ್ಪಲ್ಲ

ಸಮುದ್ರದ ನೀರು ಒಂದು ಕೆಜಿಗೆ ಸುಮಾರು 35 ಗ್ರಾಂ ಲವಣ ಇರುತ್ತೆ. ಅದರಲ್ಲಿ ಹೆಚ್ಚು ಸೋಡಿಯಂ, ಕ್ಲೋರೈಡ್. ಜೊತೆಗೆ ಸಲ್ಫೇಟ್, ಮೆಗ್ನೀಷಿಯಂ, ಕ್ಯಾಲ್ಸಿಯಂ, ಪೊಟ್ಯಾಷ್ ಎಲ್ಲಾ ಇವೆ. ಬರೀ ಅಡುಗೆ ಉಪ್ಪು ಕರಗಿಸಿದ್ರೆ ಬರೀ ಯೂರಿಯಾ ಹಾಕಿ ಬೆಳೆ ತೆಗೆದ ಹಾಗೆ. ಅದಕ್ಕೇ ಅಕ್ವೇರಿಯಂಗೆ ಅಂತಲೇ ಬರೋ ಸಮುದ್ರದ ಉಪ್ಪಿನ ಮಿಶ್ರಣ ತರಬೇಕು. ನಮ್ಮ 160 ಲೀಟರಿಗೆ ಐದೂವರೆ ಕೆಜಿ ಮೇಲೆ ಹಿಡೀತು.

ಕರಾವಳಿ ಓದುಗರು, ಸಮುದ್ರದ ನೀರೇ ತಂದ್ರಾಯ್ತಲ್ಲ ಅನ್ನಬಹುದು. ನಮಗೆ ಸಮುದ್ರ ದೂರ. ಹತ್ತಿರ ಇದ್ದೋರೂ ಬಂದರು, ಹೊಳೆ ಸೇರೋ ಅಳಿವೆ ಹತ್ತಿರದ ನೀರು ತರಬಾರದು. ಎಣ್ಣೆ, ಕೊಳಚೆ ಸೇರಿರುತ್ತೆ. ಮಳೆಗಾಲದಲ್ಲಿ ಅಲ್ಲಿ ಉಪ್ಪೂ ಕಮ್ಮಿ ಇರುತ್ತೆ.

ಉಪ್ಪು ಕಲಸೋ ನೀರು ಕೊಳವೆಬಾವಿದು ಆಗೋದಿಲ್ಲ. ನಮ್ಮ ಬೋರಿನ ನೀರಿನ ಟಿಡಿಎಸ್ 1,300 ಬಂತು. ಗಡಸು, ಫ್ಲೋರೈಡ್, ಹೊಲದಿಂದ ಇಳಿದ ನೈಟ್ರೇಟ್ ಎಲ್ಲಾ ಅದರಲ್ಲಿ ಇದ್ದೀತು. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು 60 ತೋರಿಸ್ತು. ಮೀನು ಮಾತ್ರ ಸಾಕೋಕೆ ಅದು ನಡೆಯುತ್ತೆ. ಮೊದಲ ಸಲ ಅದನ್ನೇ ತಂದ್ವಿ. ಅದರಿಂದ ಆದ ಮಾತು ಮುಂದೆ ಹೇಳ್ತೀನಿ.

ಉಪ್ಪನ್ನ ಬೇರೆ ಡ್ರಮ್ಮಿನಲ್ಲಿ ಹಾಕಿ, ಸಣ್ಣ ಪಂಪು ಬಿಟ್ಟು ಒಂದು ದಿನ ತಿರುಗಿಸಿ, ಅಳತೆ ನೋಡಿ ಆಮೇಲೆ ಟ್ಯಾಂಕಿಗೆ ಬಿಡಬೇಕು. ಮೀನಿರೋ ಟ್ಯಾಂಕಿಗೆ ಉಪ್ಪು ಸುರಿಯಬಾರದು. ಅಳೆಯೋಕೆ ರಿಫ್ರ್ಯಾಕ್ಟೋಮೀಟರ್ ಅಂತ ಬರುತ್ತೆ. ದ್ರಾಕ್ಷಿ ಬೆಳೆಗಾರರು ಸಿಹಿ ನೋಡೋಕೆ ಕಣ್ಣಿಗೆ ಹಿಡಿಯೋ ಬ್ರಿಕ್ಸ್ ಮೀಟರ್ ಇದೆಯಲ್ಲ, ಅದರ ಅಣ್ಣತಮ್ಮ. ಸಾಂದ್ರತೆ 1.023ರಿಂದ 1.026ರ ಒಳಗೆ ಇರಬೇಕು. ನಾವು 1.024ಕ್ಕೆ ನಿಲ್ಲಿಸ್ತೀವಿ.

ಬೇಕಾದ ಸಾಮಾನು

ನೀರು ತಿರುಗಿಸೋ ಪಂಪು ಎರಡು. ಸಮುದ್ರದ ಮೀನಿಗೆ ಓಡೋ ನೀರು ಬೇಕು. ಟ್ಯಾಂಕಿನ ನೀರು ಗಂಟೆಗೆ ಹತ್ತು ಸಲವಾದರೂ ತಿರುಗಬೇಕು ಅನ್ನೋದು ಲೆಕ್ಕ. ಒಂದು ಕೆಟ್ಟರೂ ಇನ್ನೊಂದು ಇರಲಿ ಅಂತ ಎರಡು.

ಪ್ರೋಟೀನ್ ಸ್ಕಿಮ್ಮರ್. ಸಣ್ಣ ಸಣ್ಣ ಗುಳ್ಳೆ ಬಿಟ್ಟು ಹೊಲಸನ್ನ ನೊರೆಯಾಗಿ ಮೇಲೆತ್ತಿ ಬಟ್ಟಲಿಗೆ ತುಂಬೋ ಯಂತ್ರ. ಆಲೆಮನೆ ಕೊಪ್ಪರಿಗೆಯಲ್ಲಿ ಮಡ್ಡಿ ತೆಗೆಯೋದು ನೋಡಿದೋರಿಗೆ ಬೇರೆ ಹೇಳಬೇಕಿಲ್ಲ. ಇದು ಕೆಲಸ ಮಾಡೋದು ಉಪ್ಪುನೀರಲ್ಲೇ.

ಮರಳು, ಕಲ್ಲು. ಅಕ್ವೇರಿಯಂಗೆ ಮಾರೋ ತೊಳೆದ ಮರಳು 20 ಕೆಜಿ, ಮನುಷ್ಯರು ಮಾಡಿದ ತೂತು ತೂತಿನ ಸೆರಾಮಿಕ್ ಕಲ್ಲು 10 ಕೆಜಿ. ಬ್ಯಾಕ್ಟೀರಿಯಾದ ಮನೆ ಇದೇ. ತೂತು ಹೆಚ್ಚಿದ್ದಷ್ಟೂ ಅವಕ್ಕೆ ಜಾಗ ಹೆಚ್ಚು.

ಹೀಟರ್ ಮತ್ತು ಥರ್ಮಾಮೀಟರ್. ಬಯಲುಸೀಮೆಯಲ್ಲಿ ಹೀಟರ್ ಯಾಕೆ ಅಂತ ಕೇಳಬೇಡಿ. ಪುಷ್ಯ ಮಾಸದ ಬೆಳಗಿನ ಜಾವ ನಮ್ಮ ಕಡೆ ಕಂಬಳಿ ಬೇಕು. ನೀರು 25–27 ಡಿಗ್ರಿ ಇರಬೇಕು. 150 ವಾಟಿನದು ಸಾಕಾಯ್ತು.

ಪರೀಕ್ಷೆ ಕಿಟ್ಟು. ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಪಿಎಚ್ ನಾಲ್ಕೂ ಬೇಕು. ಇದರಲ್ಲಿ ದುಡ್ಡು ಉಳಿಸೋಕೆ ಹೋಗಬೇಡಿ. ಮೊದಲ ಸಲ ಇದಿದ್ದಿದ್ರೆ ಮೂರು ಮೀನು ಉಳೀತಿದ್ವು.

ಬ್ಯಾಟರಿ ಏರ್‌ಪಂಪು. ನಮ್ಮ ಹಳ್ಳಿಯಲ್ಲಿ ಕರೆಂಟು ಯಾವಾಗ ಹೋಗುತ್ತೆ ಅಂತ ಹೇಳೋಕಾಗೋದಿಲ್ಲ. ಪಂಪು ನಿಂತ್ರೆ ಮೀನಿಗೂ ಉಸಿರಿಲ್ಲ, ಬ್ಯಾಕ್ಟೀರಿಯಾಕ್ಕೂ ಉಸಿರಿಲ್ಲ. ಕರೆಂಟು ಹೋದ ತಕ್ಷಣ ತಾನೇ ಓಡೋ ಏರ್‌ಪಂಪು ಸಿಗುತ್ತೆ.

ಇನ್ನು ಕರೆಂಟಿನ ಎಚ್ಚರ. ಉಪ್ಪುನೀರಿನಲ್ಲಿ ಕರೆಂಟು ಸಲೀಸಾಗಿ ಹರಿಯುತ್ತೆ. ಅರ್ಥಿಂಗ್ ಸರಿ ಇರಬೇಕು, ಲೈನಿಗೆ ಆರ್‌ಸಿಸಿಬಿ ಹಾಕಿಸಲೇಬೇಕು. ವೈರು ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದು ಆಮೇಲೆ ಮೇಲೇರಬೇಕು. ಆಗ ವೈರಿನ ಮೇಲೆ ಹರಿದ ನೀರು ಪ್ಲಗ್ಗಿಗೆ ಹೋಗದೆ ಕೆಳಗೇ ತೊಟ್ಟಿಕ್ಕುತ್ತೆ. ಕೈ ಹಾಕೋ ಮುಂಚೆ ಎಲ್ಲಾ ಸ್ವಿಚ್ಚು ಆರಿಸಿ.

ಖಾಲಿ ನೀರು ಕಾದ ನಲವತ್ತೆರಡು ದಿನ

ಎಲ್ಲಾ ಜೋಡಿಸಿ ಪಂಪು ಓಡಿಸಿದ್ವಿ. ಬ್ಯಾಕ್ಟೀರಿಯಾಕ್ಕೆ ತಿನ್ನೋಕೆ ಅಮೋನಿಯಾ ಬೇಕಲ್ಲ. "ಒಂದು ಚಿಟಿಕೆ ಯೂರಿಯಾ ಹಾಕ್ಲೇನೋ?" ಅಂದೆ. ಹುಡುಗ ನಕ್ಕು, "ಅಳತೆ ತಪ್ಪುತ್ತೆ, ಬ್ಯಾಡ" ಅಂತ ಒಂದು ಹಸಿ ಸಿಗಡಿ ತುಂಡನ್ನ ತೆಳು ಬಟ್ಟೆಯಲ್ಲಿ ಕಟ್ಟಿ ಇಳಿಬಿಟ್ಟ. ಅದು ಕೊಳೆತು ಅಮೋನಿಯಾ ಬಿಡುತ್ತೆ.

ನೋಟ್‌ಬುಕ್ಕಿನಲ್ಲಿ ಬರೆದಿಟ್ಟದ್ದು ಹೀಗಿದೆ. 5ನೇ ದಿನ ಅಮೋನಿಯಾ 1 ಪಿಪಿಎಂ. 12ನೇ ದಿನ 2. ಆವತ್ತು ಸಿಗಡಿ ತೆಗೆದು, ಎರಡು ದಿನಕ್ಕೊಮ್ಮೆ ಚಿಟಿಕೆ ಮೀನಿನ ಆಹಾರ ಹಾಕಿದ್ವಿ. 17ನೇ ದಿನ ಮೊದಲ ಸಲ ನೈಟ್ರೈಟ್ ಕಂಡಿತು. 29ನೇ ದಿನ ಅಮೋನಿಯಾ ಸೊನ್ನೆ, ಆದ್ರೆ ನೈಟ್ರೈಟಿನ ಬಣ್ಣ ಕಡು ನೇರಳೆ. ಇಲ್ಲೇ ಬಹಳ ಜನ ಮೋಸ ಹೋಗೋದು. ಅಮೋನಿಯಾ ಹೋಯ್ತು ಅಂತ ಮೀನು ಬಿಡ್ತಾರೆ. 42ನೇ ದಿನ ನೈಟ್ರೈಟೂ ಸೊನ್ನೆ, ನೈಟ್ರೇಟ್ 20. ಮಧ್ಯೆ ಕಲ್ಲಿನ ಮೇಲೆ ಕಂದು ಪಾಚಿ ಕಟ್ಟಿ ನೋಡೋಕೆ ಅಸಹ್ಯವಾಗಿತ್ತು. ತೊಳೆಯೋಣ ಅಂದೆ. ಬೇಡ ಅಂದ. ತಾನೇ ಹೋಯ್ತು.

ಆ ನಲವತ್ತೆರಡು ದಿನ ಊರಿನೋರು ಬಂದು ಖಾಲಿ ನೀರು ನೋಡಿ ಹೋದ್ರು. "ಟಗರು ಮಾರಿ ನೀರು ತಂದವ್ನೆ" ಅಂದ್ರು. ನನಗೆ ಬಿತ್ತಿದ ಹೊಲ ನೋಡಿದ ಹಾಗೇ ಆಗ್ತಿತ್ತು. ಮೇಲೆ ಏನೂ ಕಾಣೋದಿಲ್ಲ, ಒಳಗೆ ಕೆಲಸ ನಡೀತಿರುತ್ತೆ.

ಯಾವ ಮೀನು, ಎಷ್ಟು

2023ರ ಜನವರಿಯಲ್ಲಿ ಎರಡೇ ಮೀನು ಬಿಟ್ವಿ. ಕಿತ್ತಳೆ ಮೈ, ಬಿಳಿ ಪಟ್ಟಿಯ ಕ್ಲೌನ್ ಮೀನು. ಅದೂ ಸಮುದ್ರದಿಂದ ಹಿಡಿದದ್ದಲ್ಲ, ಮರಿ ಮಾಡಿಸಿ ಬೆಳೆಸಿದ್ದು. ನಮ್ಮ ದೇಶದ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ, ಸಿಎಂಎಫ್‌ಆರ್‌ಐ, ಕ್ಲೌನ್ ಮೀನನ್ನ ತೊಟ್ಟಿಯಲ್ಲೇ ಮರಿ ಮಾಡಿಸೋ ವಿಧಾನ ರೂಪಿಸಿದೆ. ಮರಿಯಿಂದಲೇ ತೊಟ್ಟಿಯಲ್ಲಿ ಬೆಳೆದ ಮೀನು ಕೊಟ್ಟ ಆಹಾರ ತಿನ್ನುತ್ತೆ, ಜಾಗಕ್ಕೆ ಒಗ್ಗುತ್ತೆ. ಕಾಡುಪ್ರಾಣಿಗೂ ಕೊಟ್ಟಿಗೆಯಲ್ಲಿ ಹುಟ್ಟಿದ ಕರುವಿಗೂ ಇರೋ ವ್ಯತ್ಯಾಸ.

ಒಂದು ವಿಚಿತ್ರ ಹೇಳ್ತೀನಿ. ಕ್ಲೌನ್ ಮರಿಗಳೆಲ್ಲಾ ಮೊದಲು ಗಂಡು. ಜೋಡಿಯಲ್ಲಿ ಜೋರಿರೋದು ಹೆಣ್ಣಾಗುತ್ತೆ. ನಮ್ಮಲ್ಲೂ ಒಂದು ಈಗ ಇನ್ನೊಂದಕ್ಕಿಂತ ದೊಡ್ಡದಾಗಿದೆ, ಯಜಮಾನಿಕೆ ಅದರದ್ದೇ.

ತಂದ ಮೀನನ್ನ ಕವರ್ ಸಮೇತ ಇಪ್ಪತ್ತು ನಿಮಿಷ ತೇಲಿಬಿಟ್ಟು, ಆಮೇಲೆ ಒಂದು ಗಂಟೆ ಹೊತ್ತು ಟ್ಯಾಂಕಿನ ನೀರನ್ನ ತೊಟ್ಟು ತೊಟ್ಟಾಗಿ ಸೇರಿಸಿ, ಮೀನು ಮಾತ್ರ ಬಿಡಬೇಕು. ಕವರಿನ ನೀರು ಸುರಿಯಬಾರದು. ಎರಡನೇ ಸಲದಿಂದ ತರೋ ಮೀನನ್ನ ಬೇರೆ ಚಿಕ್ಕ ಟ್ಯಾಂಕಿನಲ್ಲಿ ನಾಲ್ಕು ವಾರ ಇಟ್ಟು ನೋಡಿ. ಸಂತೆಯಿಂದ ತಂದ ಕುರಿಯನ್ನ ಒಂದೇ ಸಲ ಮಂದೆಗೆ ಬಿಡ್ತೀವಾ?

"ಫೈಂಡಿಂಗ್ ನೀಮೋ" ಸಿನಿಮಾ ನೋಡಿದ ಮಕ್ಕಳು ಅದರ ನೀಲಿ ಮೀನೂ ಬೇಕು ಅಂತಾರೆ. ಆ ಜಾತಿ ಒಂದು ಗೇಣಿಗಿಂತ ಉದ್ದ ಬೆಳೆಯುತ್ತೆ, ಸದಾ ಓಡಾಡೋಕೆ ಜಾಗ ಬೇಕು. ಮೂರು ಅಡಿ ಟ್ಯಾಂಕಿಗೆ ಅಲ್ಲ. ನಮ್ಮ ಟ್ಯಾಂಕಿನಲ್ಲಿ ಇವತ್ತಿಗೂ ಮೂರೇ ಮೀನು: ಎರಡು ಕ್ಲೌನ್, ಮರಳಲ್ಲಿ ಬಿಲ ಮಾಡೋ ಒಂದು ಗೋಬಿ. ಅಷ್ಟೇ ಸಾಕು.

ಹವಳ, ಕಡಲ್ಕುದುರೆ ಮುಟ್ಟಬೇಡಿ

ಯಾರಾದ್ರೂ ಗುಟ್ಟಾಗಿ ಹವಳ, ಹವಳದ ಕಲ್ಲು, ಕಡಲ್ಕುದುರೆ ತಂದುಕೊಡ್ತೀನಿ ಅಂದ್ರೆ ಒಪ್ಪಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಿತ ಪಟ್ಟಿಗೆ 2001ರಲ್ಲಿ ಗಟ್ಟಿ ಹವಳ, ಕಡಲ್ಕುದುರೆ, ಕಡಲ ಸೌತೆಗಳನ್ನ ಸೇರಿಸಿದ್ದಾರೆ. ಇವತ್ತಿಗೂ ರಕ್ಷಣೆ ಇದೆ. ಹಿಡಿದ್ರೆ ಜೈಲು. ಕಾನೂನು ಬಿಡಿ, ನಮ್ಮದೇ ರಾಜ್ಯದಲ್ಲಿ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳ ಇದೆ. ಅದನ್ನ ಕಿತ್ತು ಮನೆಯಲ್ಲಿಡೋದು ಗುಂಡುತೋಪು ಕಡಿದು ಕುಂಡದಲ್ಲಿ ಇಟ್ಟ ಹಾಗೆ. ಮೀನಿಗೆ ಹವಳ ಬೇಕೇ ಬೇಕು ಅಂತೇನಿಲ್ಲ. ನಮ್ಮ ಕ್ಲೌನ್‌ಗಳು ಸೆರಾಮಿಕ್ ಕಲ್ಲಿನ ಸಂದಿಯಲ್ಲೇ ಮಲಗುತ್ತವೆ.

ನೀರು ಆರುತ್ತೆ, ಉಪ್ಪು ಆರೋದಿಲ್ಲ

ಎರಡನೇ ಸಲವೂ ಒಂದು ತಪ್ಪು ಮಾಡಿದೆ. ಹುಡುಗ ಊರಲ್ಲಿಲ್ಲದಾಗ ಟ್ಯಾಂಕಿನ ನೀರು ಎರಡು ಬೆರಳು ಇಳಿದಿತ್ತು. ಉಪ್ಪುನೀರಿನ ಟ್ಯಾಂಕಿಗೆ ಉಪ್ಪುನೀರೇ ಹಾಕಬೇಕು ಅಂತ ಡ್ರಮ್ಮಿನ ಉಪ್ಪುನೀರು ವಾರವೆಲ್ಲಾ ತುಂಬಿದೆ. ಅವನು ಬಂದು ಅಳೆದ್ರೆ 1.029. ಆವಿಯಾಗಿ ಹೋಗೋದು ಬರೀ ನೀರು. ಉಪ್ಪು ಅಲ್ಲೇ ಇರುತ್ತೆ. ತುಂಗಭದ್ರಾ ಕಾಲುವೆ ಕೆಳಗೆ ಚೌಳಾದ ಹೊಲ ನೋಡಿದೋನು ನಾನು. ನೀರು ಆರಿ ಆರಿ ಬಿಳಿ ಉಪ್ಪು ಮೇಲೆದ್ದಿರುತ್ತೆ. ಮನೆಯೊಳಗೆ ಅದನ್ನೇ ಮಾಡಿದ್ದೆ. ಅದಕ್ಕೆ ಗಾಜಿನ ಮೇಲೆ ಗೆರೆ ಹಾಕಿ, ದಿನಾ ಆ ಗೆರೆಗೆ ಸಿಹಿನೀರು ಮಾತ್ರ ತುಂಬಿ. ಏರಿದ ಉಪ್ಪನ್ನ ಇಳಿಸೋವಾಗಲೂ ಒಂದೇ ದಿನದಲ್ಲಿ ಬೇಡ, ಮೂರು ನಾಲ್ಕು ದಿನ ತಗೊಳ್ಳಿ.

ಬೇಸಿಗೆಯಲ್ಲಿ ನಮ್ಮ ಕಡೆ 38–40 ಡಿಗ್ರಿ. ನೀರು 30 ದಾಟಿದ್ರೆ ಅದರಲ್ಲಿ ಆಮ್ಲಜನಕ ಕಮ್ಮಿಯಾಗಿ ಮೀನು ಏದುತ್ತೆ. ತಣ್ಣಗೆ ಮಾಡೋ ಚಿಲ್ಲರ್ ಯಂತ್ರಕ್ಕೆ ನಮ್ಮ ಪೂರ್ತಿ ಟ್ಯಾಂಕಿನ ಹತ್ತಿರ ಹತ್ತಿರ ದುಡ್ಡು ಹೇಳಿದ್ರು. ನಾವು ಮಾಡಿದ್ದು ಇಷ್ಟೇ: ಮುಚ್ಚಳ ತೆಗೆದು ಬಲೆ ಹಾಕಿ, ನೀರಿನ ಮೇಲೆ ಗಾಳಿ ಬೀಸೋ ಹಾಗೆ ಸಣ್ಣ ಫ್ಯಾನು ಕಟ್ಟಿದ್ವಿ. ಎರಡು ಮೂರು ಡಿಗ್ರಿ ಇಳೀತು. ಮಣ್ಣಿನ ಮಡಕೆ ನೀರು ತಣ್ಣಗಾಗೋದೂ ಹೀಗೇ. ಕರಾವಳಿಯಲ್ಲಿ ಗಾಳಿಯೇ ತೇವ, ಅಲ್ಲಿ ಈ ಉಪಾಯ ಇಷ್ಟು ನಡೆಯೋದಿಲ್ಲ. ಒಣಗಾಳಿ ನಮಗೆ ಉಪಕಾರ ಮಾಡಿದ್ದು ಇದೊಂದರಲ್ಲಿ. ಆದ್ರೆ ಫ್ಯಾನು ಹಾಕಿದಾಗ ದಿನಕ್ಕೆ ಮೂರು ಲೀಟರಿನ ಮೇಲೆ ನೀರು ಆರುತ್ತೆ.

ಬರದಲ್ಲಿ ಮೀನಿಗೆ ನೀರು

2023ರಲ್ಲಿ ಮುಂಗಾರು ಕೈಕೊಟ್ಟಿತು. ರಾಜ್ಯದ ಬಹುಪಾಲು ತಾಲ್ಲೂಕು ಬರಪೀಡಿತ ಅಂತ ಘೋಷಣೆ ಆಯ್ತು. 2024ರ ಬೇಸಿಗೆ ಹೊತ್ತಿಗೆ ಊರಿನ ಘಟಕದ ಬೋರು ಸಣ್ಣಗಾಗಿ ಮನೆಗೆ ದಿನಕ್ಕೆ ಒಂದೇ ಕ್ಯಾನು ಅಂತ ಮಾಡಿದ್ರು. ನಾನು ಸಾಲಿನಲ್ಲಿ ನಿಂತಾಗ ಒಬ್ಬ ಅಜ್ಜಿ ಎಲ್ಲರೆದುರಿಗೆ, "ನಮ್ಮ ಬಾಯಿಗಿಲ್ಲದ ನೀರು ನಿನ್ನ ಮೀನಿಗೆ ಬೇಕೇನಪ್ಪಾ?" ಅಂದಳು.

ಉತ್ತರ ಕೊಡೋಕಾಗಲಿಲ್ಲ. ಲೆಕ್ಕ ಹಾಕಿದ್ರೆ ಬೇಸಿಗೆಯಲ್ಲಿ ತಿಂಗಳಿಗೆ 130 ಲೀಟರ್, ಒಂದು ಎಮ್ಮೆ ಎರಡು ದಿನ ಕುಡಿಯೋ ನೀರು. ಆದ್ರೆ ಎಮ್ಮೆ ಹಾಲು ಕೊಡುತ್ತೆ. ಅಜ್ಜಿ ಹೇಳಿದ್ದು ಸರಿಯೇ ಇತ್ತು. ಅವತ್ತಿಂದ ಘಟಕದ ನೀರು ಟ್ಯಾಂಕಿಗೆ ನಿಲ್ಲಿಸಿದ್ವಿ. ನಮ್ಮ ಪಾಲಿನ ಕ್ಯಾನಿನಲ್ಲೇ ಉಳಿಸಿ ದಿನಕ್ಕೆ ಒಂದೆರಡು ಲೀಟರ್ ತುಂಬಿದ್ವಿ. ಫ್ಯಾನನ್ನ ಸುಡು ಮಧ್ಯಾಹ್ನ ಮಾತ್ರ ಬಿಟ್ವಿ, ಮೀನಿನ ಆಹಾರ ಅರ್ಧಕ್ಕೆ ಇಳಿಸಿದ್ವಿ. ಐದು ವಾರ ನೀರು ಬದಲಾಯಿಸಲೇ ಇಲ್ಲ. ಮೂರೇ ಮೀನು ಇದ್ದದ್ದಕ್ಕೆ ಬದುಕಿದವು. ಹತ್ತು ಇದ್ದಿದ್ರೆ ಒಂದೂ ಉಳೀತಿರಲಿಲ್ಲ.

ಪರಿಹಾರ ತಲೆ ಮೇಲೇ ಇತ್ತು. ಮಳೆನೀರು. ಆ ವರ್ಷದ ಮೊದಲ ಹದ ಮಳೆಗೆ ಆರ್‌ಸಿಸಿ ಮನೆಯ ಪೈಪಿಗೆ ಬಟ್ಟೆ ಸೋಸು ಕಟ್ಟಿ ಹಿಡಿದ್ವಿ. ಮೊದಲ ಕಾಲು ಗಂಟೆ ನೀರು ಹೊರಗೆ ಬಿಟ್ಟು ಆಮೇಲಿನದ್ದು ತುಂಬಿದ್ವಿ. ಟಿಡಿಎಸ್ 20 ಕೂಡ ಇರಲಿಲ್ಲ. 100 ಚದರ ಅಡಿ ಮಾಳಿಗೆ ಮೇಲೆ 10 ಮಿ.ಮೀ. ಮಳೆ ಬಿದ್ರೆ 90 ಲೀಟರಿನ ಮೇಲೆ ನೀರು. ಈಗ ಸಾವಿರ ಲೀಟರಿನ ಮುಚ್ಚಿದ ಟ್ಯಾಂಕಿನಲ್ಲಿ ಇಟ್ಟಿದ್ದೇವೆ, ವರ್ಷದ ಬಹುಪಾಲು ಸಾಕಾಗುತ್ತೆ. ಸತುವಿನ ಲೇಪದ ತಗಡಿನ ಮೇಲಿನ ನೀರು ಹಿಡಿಯಬೇಡಿ. ಬರದ ನಾಡಿನಲ್ಲಿ ಈ ಹವ್ಯಾಸ ಮಾಡೋರು ಮಳೆನೀರಿನ ಏರ್ಪಾಡು ಮೊದಲು ಮಾಡಿ, ಟ್ಯಾಂಕು ಆಮೇಲೆ ತನ್ನಿ.

ಹೊರಗೆ ತೆಗೆದ ಉಪ್ಪುನೀರಿನ ವಿಷಯ. ಮೊದಲ ಸಲ ಮೀನು ಸತ್ತಾಗ ಪೂರ್ತಿ ನೀರನ್ನ ಹಿತ್ತಲಿಗೆ ಚೆಲ್ಲಿದ್ದೆ. ಹದಿನೈದು ದಿನದಲ್ಲಿ ಎಂಟು ವರ್ಷದ ಕರಿಬೇವು ಒಣಗಿ ನಿಂತಿತು. ನಮ್ಮ ಬೋರಿನ ನೀರಿನ ವರದಿಯಲ್ಲಿ ಇ.ಸಿ. 3 ದಾಟಿದ್ರೇ ಬೆಳೆಗೆ ಕೆಟ್ಟದ್ದು ಅಂತೀವಿ. ಸಮುದ್ರದ ನೀರಿಂದು 50ರ ಆಸುಪಾಸು. ಈಗ ತೆಗೆದ ನೀರನ್ನ ಮಾಳಿಗೆ ಮೇಲೆ ಅಗಲವಾದ ಪ್ಲಾಸ್ಟಿಕ್ ತಟ್ಟೆಯಲ್ಲಿ ಬಿಸಿಲಿಗೆ ಆರಿಸ್ತೀವಿ. ಉಳಿದ ಉಪ್ಪು ವರ್ಷಕ್ಕೆ ಹತ್ತು ಹನ್ನೆರಡು ಕೆಜಿ. ಅದನ್ನ ಚೀಲದಲ್ಲಿ ಕಟ್ಟಿಟ್ಟಿದ್ದೇವೆ. ಹೊಲಕ್ಕೂ ಬೇಡ, ದನಕ್ಕೂ ಬೇಡ.

ಖರ್ಚು, ಕೆಲಸ, ಫಲ

ನಮಗೆ ಬಿದ್ದ ಖರ್ಚು: ಟ್ಯಾಂಕು, ಸ್ಟ್ಯಾಂಡು 9,000 ರೂ. ಸ್ಕಿಮ್ಮರ್ 5,000. ಮರಳು, ಕಲ್ಲು 5,000. ಉಪ್ಪು 10 ಕೆಜಿ 3,500. ಪರೀಕ್ಷೆ ಕಿಟ್ಟು 3,000. ಪಂಪು 2,500. ಎಲ್‌ಇಡಿ ದೀಪ 2,000. ರಿಫ್ರ್ಯಾಕ್ಟೋಮೀಟರ್ 1,500. ಹೀಟರ್ 900. ಬ್ಯಾಟರಿ ಏರ್‌ಪಂಪು 800. ಎರಡು ಕ್ಲೌನ್ 1,400. ಒಟ್ಟು 34,600 ರೂ. ಮೊದಲು ಸತ್ತ ಮೂರು ಮೀನು, ಚೆಲ್ಲಿದ ಉಪ್ಪು ಇದರಲ್ಲಿ ಸೇರಿಲ್ಲ. ಈಗ ದರ ಬೇರೆ ಇರಬಹುದು, ವಿಚಾರಿಸಿ.

ದಿನಾ: ಸಿಹಿನೀರು ಗೆರೆಗೆ ತುಂಬೋದು, ಎರಡು ನಿಮಿಷದಲ್ಲಿ ತಿಂದು ಮುಗಿಸೋವಷ್ಟೇ ಆಹಾರ, ಥರ್ಮಾಮೀಟರ್ ನೋಡೋದು. ವಾರಕ್ಕೊಮ್ಮೆ: ಉಪ್ಪು, ನೈಟ್ರೇಟ್ ಅಳೆಯೋದು, ಗಾಜು ಒರೆಸೋದು, ಸ್ಕಿಮ್ಮರ್ ಬಟ್ಟಲು ತೊಳೆಯೋದು. ಹದಿನೈದು ದಿನಕ್ಕೊಮ್ಮೆ: 15 ಲೀಟರ್ ನೀರು ಬದಲು. ಸ್ಪಂಜನ್ನ ತೆಗೆದ ಹಳೇ ನೀರಿನಲ್ಲೇ ಹಿಂಡಬೇಕು. ನಲ್ಲಿ ನೀರಿಗೆ ಹಿಡಿದ್ರೆ ಬ್ಯಾಕ್ಟೀರಿಯಾ ಸಾಯುತ್ತವೆ.

ಹುಡುಗ ಈಗ ಒಂಬತ್ತು ಟ್ಯಾಂಕು ನೋಡ್ಕೊಳ್ತಾನೆ. ಸುಳ್ಳು ಹೇಳೋದಿಲ್ಲ, ಅದರಲ್ಲಿ ಏಳು ಸಿಹಿನೀರಿನವೇ. ಉಪ್ಪುನೀರಿನವು ಎರಡೇ. ಇದರಿಂದ ಶ್ರೀಮಂತ ಆಗಿಲ್ಲ. ಆದ್ರೆ ಹೊಲದ ಕೆಲಸದ ಜೊತೆ ಕೈಗೆ ತಿಂಗಳ ದುಡ್ಡು ಸಿಗುತ್ತೆ, ಊರಲ್ಲೇ ಇದಾನೆ. ಅವರಪ್ಪ ಈಗ ಏನೂ ಅನ್ನೋದಿಲ್ಲ. ಸಂಜೆ ಟ್ಯಾಂಕಿನ ಎದುರು ಕೂತು ಎಲೆ ಅಡಿಕೆ ಹಾಕ್ಕೊಳ್ತಾನೆ.

ಯಾರು ಮಾಡಬಾರದು? ತಿಂಗಳುಗಟ್ಟಲೆ ಮನೆ ಬೀಗ ಹಾಕಿ ಹೋಗೋರು, ಸಾಲ ತಂದು ಮಾಡೋರು, ಒಂದೂವರೆ ತಿಂಗಳು ಖಾಲಿ ನೀರು ನೋಡೋ ತಾಳ್ಮೆ ಇಲ್ಲದೋರು. ಇಂಥೋರು ಸಿಹಿನೀರಿನ ಮೀನು ಸಾಕಿ, ಅದೂ ಚೆಂದವೇ.

ಹೋದ ದಸರಾಕ್ಕೆ ಮೊಮ್ಮಗಳು ಬಂದಿದ್ದಳು. ಹಳೇ ನೋಟ್‌ಬುಕ್ ತೆಗೆದು 1ನೇ ದಿನದಿಂದ 42ನೇ ದಿನದವರೆಗೆ ಓದಿದಳು. "ತಾತ, ಅವತ್ತು ನಾನು ಬರ್ತೀನಂತ ಆತುರ ಮಾಡಿದ್ಯಾ?" ಅಂದಳು. ಹೌದು ಅಂದೆ. ಈಗ ಅವಳ ರಜೆಯಲ್ಲಿ ಅಳತೆ ಬರೆಯೋ ಕೆಲಸ ಅವಳದ್ದೇ.

ಶುರು ಮಾಡೋರಿಗೆ ನಾನು ಹೇಳೋದು ಇಷ್ಟೇ. ಮೊದಲು ಒಂದು ನೋಟ್‌ಬುಕ್ಕು, ಒಂದು ಪರೀಕ್ಷೆ ಕಿಟ್ಟು ತನ್ನಿ. ಮೀನು ಕೊನೆಗೆ ತನ್ನಿ.